ತೊಗಲಿನೊಳಗಿನ ನಂಬರು

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಈಗ ಕಿವಿಗೆ ಹಳದಿ ಬಿಲ್ಲೆ ಹಾಕದ ಹಸು ಸಿಕ್ಕುವುದು ಅಪರೂಪ. ಪಶು ಆಸ್ಪತ್ರೆಯವರು ಕಾಲುಬಾಯಿ ಜ್ವರದ ಸೂಜಿ ಹಾಕಲು ಬಂದಾಗ ಕೈಯಲ್ಲೊಂದು ಇಕ್ಕಳವನ್ನೂ ಹಿಡಿದೇ ಬರುತ್ತಾರೆ. ದನದ ಕಿವಿಯನ್ನು ಒಮ್ಮೆ ಸವರಿ, ನರ ತಪ್ಪಿಸಿ, ಟಪ್ ಎಂದು ಒತ್ತಿದರೆ ಮುಗಿಯಿತು, 12 ಅಂಕಿಯ ಸಂಖ್ಯೆಯೊಂದು ಆ ಜೀವಕ್ಕೆ ಯಾವಜ್ಜೀವ ಅಂಟಿಕೊಳ್ಳುತ್ತದೆ. ನಮ್ಮ ಆಧಾರಿಗೂ 12 ಅಂಕಿ, ದನದ್ದಕ್ಕೂ 12 ಅಂಕಿ. ಹಟ್ಟಿಯ ಹೆಂಗಸರು ಅದನ್ನು ಬಿಲ್ಲೆ ಎನ್ನುವುದಿಲ್ಲ, ‘ನಮ್ ಗೌರಿಗೂ ಓಲೆ ಹಾಕ್ಸುದ್ವಿ ಕಣಕ್ಕ’ ಎನ್ನುತ್ತಾರೆ. ಸಾಲಕ್ಕೆ ಓಲೆ, ಲಸಿಕೆಗೆ ಓಲೆ, ವಿಮೆಗೆ ಓಲೆ. ಹಸು ಸತ್ತರೆ ವಿಮೆಯವರು ಮೊದಲು ಕೇಳುವುದು ಅದನ್ನೇ. ಲಂಟಾನ ಪೊದೆಯಲ್ಲಿ ಸಿಕ್ಕಿಕೊಂಡು ಓಲೆ ಹರಿದುಹೋಗಿದ್ದರೆ, ಸತ್ತದ್ದು ಇವಳ ಹಸುವೇ ಎಂದು ಇಡೀ ಬೀದಿ ಸಾಕ್ಷಿಗೆ ನಿಂತರೂ ಕಾಗದ ಮುಂದೆ ಹೋಗುವುದಿಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಹಾಗೆ ಆದದ್ದನ್ನು ಕಂಡಿದ್ದೇನೆ. ಹತ್ತು ವರ್ಷ ಹಾಲು ಕರೆದ ಕೈಗಿಂತ ಹರಿದ ಬಿಲ್ಲೆಯ ಮಾತೇ ಗೆದ್ದದ್ದು ನೋಡಿ ನನಗೆ ಎರಡು ದಿನ ಊಟ ಸೇರಲಿಲ್ಲ.

ಹೀಗಿರುವಾಗ ಪಕ್ಕದ ಮನೆಯ ಹೊಗೆಸೊಪ್ಪಿನ ಯಜಮಾನರು ಒಂದು ಸಂಜೆ ಜಗಲಿಗೆ ಬಂದು ಕೂತು, ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುತ್ತ, ‘ಅಲ್ಲ, ಮನುಸ್ರು ಕೈಯೊಳಕ್ಕೇ ಚಿಪ್ ಇಡ್ತಾರಂತಲ್ಲ, ಅಂಗ್ಡೀಲಿ ಕೈ ಆಡ್ಸುದ್ರೆ ದುಡ್ಡು ಕಟ್ಟೋಯ್ತದಂತೆ, ನೀವು ಹಾಕುಸ್ಕತೀರಾ?’ ಎಂದು ಕೇಳಿದರು. ಇಲ್ಲ ಎಂದೆ. ಯಾಕೆ ಎಂದರು. ಈ ‘ಯಾಕೆ’ಗೆ ಉತ್ತರ ಹೇಳಲು ನನಗೆ ಸ್ವಲ್ಪ ಜಾಗ ಬೇಕು, ಕಾಕನಕೋಟೆಯ ಕಾಡು, ಚುಂಚನಕಟ್ಟೆಯ ಜಾತ್ರೆ, ನಮ್ಮಜ್ಜಿಯ ಮುಂಗೈ, ದೆಹಲಿಯ ಸುಪ್ರೀಂ ಕೋರ್ಟು ಎಲ್ಲವನ್ನೂ ಸುತ್ತಿಕೊಂಡು ಬರಬೇಕಾಗುತ್ತದೆ. ಬಿಡುವಿದ್ದರೆ ನೀವೂ ಕೂತುಕೊಳ್ಳಿ.

ಮೊದಲು ಆ ವಸ್ತು ಎಂಥದ್ದು ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ಗೊತ್ತಿಲ್ಲದ್ದನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ರಾಜಮುಡಿ ಅಕ್ಕಿಯ ಕಾಳಿಗಿಂತ ಕೊಂಚ ಉದ್ದ, ಹೆಚ್ಚುಕಡಿಮೆ 12 ಮಿಲಿಮೀಟರ್. ಹೊರಗೆ ಗಾಜಿನ ಕವಚ, ಒಳಗೆ ಕೂದಲೆಳೆಯಂಥ ತಾಮ್ರದ ಸುರುಳಿ ಮತ್ತು ಒಂದು ಚೂರು ಸಿಲಿಕಾನ್. ದಪ್ಪ ಸೂಜಿಯಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಜಾಗಕ್ಕೆ ಅದನ್ನು ಇಳಿಸುತ್ತಾರೆ. ಬ್ಯಾಟರಿ ಇಲ್ಲ. ಓದುವ ಯಂತ್ರವನ್ನು ಕೈ ಹತ್ತಿರ ತಂದರೆ ಆ ಯಂತ್ರದ ಅಲೆಯಿಂದಲೇ ಒಂದಿಷ್ಟು ಶಕ್ತಿ ಪಡೆದು, ತನ್ನೊಳಗಿನ ಸಂಖ್ಯೆಯನ್ನು ಹೇಳಿ, ಮತ್ತೆ ಸುಮ್ಮನಾಗುತ್ತದೆ. ಆಕಾಶದಲ್ಲಿರುವ ಉಪಗ್ರಹ ಇದನ್ನು ನೋಡುತ್ತಿರುತ್ತದೆ, ನೀವು ತೋಟದಲ್ಲಿದ್ದೀರೋ ತಿಪ್ಪೆಯ ಹತ್ತಿರ ಇದ್ದೀರೋ ಎಂದು ಬರೆದುಕೊಳ್ಳುತ್ತದೆ ಎಂದು ಸಂತೆಯಲ್ಲಿ ಹೇಳುವುದು ಸುಳ್ಳು. ಈ ಪುಟ್ಟ ಗಾಜಿಗೆ ಆ ಶಕ್ತಿ ಇಲ್ಲ. ಆದರೆ ನೀವು ಕೈ ಆಡಿಸಿದ ಪ್ರತಿಯೊಂದು ಬಾಗಿಲು, ಪ್ರತಿಯೊಂದು ಅಂಗಡಿ, ಪ್ರತಿಯೊಂದು ಬಸ್ಸು ತನ್ನ ಕಡೆಯ ಪುಸ್ತಕದಲ್ಲಿ ಬರೆದುಕೊಂಡಿರುತ್ತದೆ. ಆ ಪುಸ್ತಕಗಳೆಲ್ಲ ಒಂದೇ ಕಡೆ ಸೇರಿದರೆ ನಿಮ್ಮ ದಿನಚರಿ ನಿಮಗಿಂತ ಚೆನ್ನಾಗಿ ಇನ್ನೊಬ್ಬರಿಗೆ ಗೊತ್ತಿರುತ್ತದೆ. ನನ್ನ ಭಯವೆಲ್ಲ ಈ ಪುಸ್ತಕದ ಕುರಿತು.

ಮನುಷ್ಯರಲ್ಲಿ ಇದನ್ನು ಮೊದಲಿಗೆ ಹಾಕಿಸಿಕೊಂಡವರಲ್ಲಿ ಒಬ್ಬರು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆವಿನ್ ವಾರ್ವಿಕ್. 1998ರಲ್ಲಿ ತೋಳಿಗೆ ಚಿಪ್ ಇಡಿಸಿಕೊಂಡು ವಿಭಾಗದಲ್ಲಿ ಓಡಾಡಿದರು. ಅವರು ಬಂದರೆ ಬಾಗಿಲು ತಾನೇ ತೆರೆಯುತ್ತಿತ್ತು, ದೀಪ ಹತ್ತುತ್ತಿತ್ತು. 2004ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ವೆರಿಚಿಪ್ ಎಂಬುದಕ್ಕೆ ಒಪ್ಪಿಗೆ ಕೊಟ್ಟಿತು, ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದವರ ಗುರುತು ಹಿಡಿಯಲು. ಜನ ಮುಂದೆ ಬರಲಿಲ್ಲ, 2010ರ ಹೊತ್ತಿಗೆ ಅದು ಮಾರುಕಟ್ಟೆಯಿಂದ ಹೋಯಿತು. ಸ್ವೀಡನ್ನಿನಲ್ಲಿ ಸಾವಿರಾರು ಮಂದಿ ಹಾಕಿಸಿಕೊಂಡಿದ್ದಾರೆ, 2017ರಲ್ಲಿ ಅಲ್ಲಿಯ ರೈಲಿನಲ್ಲಿ ಟಿಕೆಟ್ಟಿನ ಬದಲು ಕೈ ಚಾಚಿದರೂ ನಡೆಯುವ ಏರ್ಪಾಟಾಯಿತು. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಿವರ್ ಫಾಲ್ಸ್ ಎಂಬ ಚಿಕ್ಕ ಊರಿನಲ್ಲಿ ತಿಂಡಿ ಮಾರುವ ಯಂತ್ರಗಳ ಕಂಪನಿಯೊಂದು ತನ್ನ ಐವತ್ತರಷ್ಟು ನೌಕರರಿಗೆ, ಅವರ ಒಪ್ಪಿಗೆಯ ಮೇಲೆ, ಹಬ್ಬ ಮಾಡಿದಂತೆ ಒಂದೇ ದಿನ ಚಿಪ್ ಹಾಕಿಸಿತು. ಆ ವಿಸ್ಕಾನ್ಸಿನ್ ರಾಜ್ಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಅದರ ಹತ್ತಿರ ನನಗೊಂದು ಕೆಲಸವಿದೆ.

ನಮಗೆ ರಿವರ್ ಫಾಲ್ಸ್‌ವರೆಗೆ ಹೋಗುವ ಅಗತ್ಯವೂ ಇಲ್ಲ. ಹೆಗ್ಗಡದೇವನಕೋಟೆಯ ಬಳ್ಳೆ ಶಿಬಿರಕ್ಕೋ ಹುಣಸೂರಿನ ಭೀಮನಕಟ್ಟೆಗೋ ಹೋದರೆ ತೊಗಲಿನೊಳಗೆ ಚಿಪ್ ಇಟ್ಟುಕೊಂಡ ದೇಹಗಳು ಸೊಪ್ಪು ತಿನ್ನುತ್ತ ನಿಂತಿರುತ್ತವೆ. ಸಾಕಾನೆಗಳಿಗೆ ಮೈಕ್ರೋಚಿಪ್ ಹಾಕುವುದು ಅರಣ್ಯ ಇಲಾಖೆಯ ಪದ್ಧತಿ. ಒಂದು ಆನೆಯ ಕಾಗದ ತೋರಿಸಿ ಇನ್ನೊಂದನ್ನು ಸಾಗಿಸಬಾರದು ಎಂಬುದು ಅದರ ಕಾರಣ, ಒಳ್ಳೆಯ ಕಾರಣವೇ. ದಸರಾ ಆನೆಗಳು ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿಸಿಕೊಂಡು ಮೈಸೂರಿಗೆ ಹೊರಡುವ ಗಜಪಯಣವನ್ನು ನಾನು ಚಿಕ್ಕಂದಿನಿಂದ ಬಿಡದೆ ನೋಡಿದವನು. ಬೂದುಗುಂಬಳಕಾಯಿ ಒಡೆಯುವುದು, ಕಬ್ಬು ಬೆಲ್ಲ ತಿನ್ನಿಸುವುದು, ಮಂತ್ರಿಗಳ ಪುಷ್ಪವೃಷ್ಟಿ, ಪೂರ್ಣಕುಂಭ, ಕಾಲಡಿಯಲ್ಲಿ ಲದ್ದಿ, ಮಾವುತರ ಮಕ್ಕಳು ಆನೆಯ ಕಾಲ ನಡುವೆಯೇ ಆಡಿಕೊಂಡಿರುವುದು. ಆ ಮಕ್ಕಳಿಗೆ ಯಾವ ಓದುವ ಯಂತ್ರವೂ ಬೇಡ. ಕತ್ತಲಲ್ಲಿ ಸರಪಳಿ ಎಳೆದ ಸದ್ದಿನಲ್ಲೇ ಬಂದವರು ಯಾರು ಎಂದು ಹೇಳುತ್ತಾರೆ.

ದಸರಾ ಆನೆ ಅರ್ಜುನನ ಕಥೆ ನಿಮಗೆ ಗೊತ್ತೇ ಇದೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ, ಎಂದರೆ ಕಾಡಾನೆ ಹಿಂಡನ್ನು ಅಟ್ಟಿ ಹಿಡಿಯುವ ಬೇಟೆಯಲ್ಲಿ, ಸಿಕ್ಕ ಮರಿ. ಬಳ್ಳೆಯಲ್ಲಿ ಬೆಳೆದು, 2012ರಿಂದ 2019ರವರೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು, 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರಿನ ಕಾಡಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಖೆಡ್ಡಾ ಎಂದಾಗ ನನಗೆ ನಮ್ಮ ತಾತ ನೆನಪಾಗುತ್ತಾರೆ. ಅವರು ಗಾಡಿ ಕಟ್ಟಿಕೊಂಡು ಕಾಕನಕೋಟೆಗೆ ಹೋಗಿ ಖೆಡ್ಡಾ ನೋಡಿ ಬಂದವರು. ಕುರುಬರ ತಮಟೆ, ಬೆಂಕಿ, ಹೊಳೆಗೆ ಇಳಿದ ಆನೆ ಹಿಂಡು, ದೊರೆಗಳ ಅತಿಥಿಗಳಿಗೆ ಕಟ್ಟಿದ ಅಟ್ಟಣಿಗೆ, ಎಲ್ಲವನ್ನೂ ರಾತ್ರಿ ಊಟವಾದ ಮೇಲೆ ಹೇಳುತ್ತಿದ್ದರು. ನಾವು ಮಕ್ಕಳು ಕೇಳಿದ್ದನ್ನೇ ಕೇಳುತ್ತಿದ್ದೆವು, ಅವರು ಹೇಳಿದ್ದನ್ನೇ ಹೇಳುತ್ತಿದ್ದರು. ಆದರೆ ಒಂದು ಮಾತು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು. ಹಿಡಿದ ಆನೆಯ ಹಿಂಗಾಲಿಗೆ ಹಗ್ಗ ಬಿಗಿದ ಕಡೆ ತೊಗಲು ಕಿತ್ತು ಹುಣ್ಣಾಗಿ, ಮಾಗಿದ ಮೇಲೆ ಬಳೆಯಂತೆ ಉಬ್ಬಿದ ಗಾಯದ ಗೆರೆ ಉಳಿಯುತ್ತದೆ. ಪಳಗಿದ ಆನೆಯನ್ನು ಗುರುತಿಸಬೇಕಾದರೆ ಆ ಗೆರೆ ನೋಡಿದರೆ ಸಾಕು, ಎನ್ನುತ್ತಿದ್ದರು. ಕಡೆಯ ಖೆಡ್ಡಾ 1971ರಲ್ಲಿ ನಡೆಯಿತು, ಆ ಖೆಡ್ಡಾದ ಬಯಲು ಈಗ ಕಬಿನಿಯ ಹಿನ್ನೀರಿನೊಳಗಿದೆ. ಹಗ್ಗದ ಗೆರೆ ಹೋಯಿತು, ಗಾಜಿನ ಕಾಳು ಬಂತು.

ಆ ಕಾಡಿನಲ್ಲೇ ಹುಲಿಯೂ ಇದೆಯಲ್ಲ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟಿ ಹುಲಿಗಳನ್ನು ಎಣಿಸುವ ವಿಧಾನ ಬೆಳೆಸಿದಾಗ ನಂಬಿದ್ದು ಪಟ್ಟೆಯನ್ನು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಹುಲಿ ತನ್ನ ಗುರುತನ್ನು ಹುಟ್ಟಿನಿಂದ ಮೈಮೇಲೆ ಬರೆದುಕೊಂಡೇ ಓಡಾಡುತ್ತದೆ, ಅದಕ್ಕೆ ಯಾರೂ ಬರೆಯಬೇಕಾಗಿಲ್ಲ. ನಮಗೂ ಹಾಗೆಯೇ ಹೆಬ್ಬೆಟ್ಟಿನ ಗೆರೆಗಳಿವೆ, ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮೈಮೇಲೆ ಬರೆಯುವ ವಿದ್ಯೆ ಹುಣಸೂರಿಗೆ ಹೊಸದಲ್ಲ. ಹದಿನೇಳನೆಯ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಎಂಬ ಇಲಾಖೆ ಕಟ್ಟಿ, ರಾಜ್ಯದ ಉದ್ದಗಲಕ್ಕೆ ಮೇವಿನ ಕಾವಲುಗಳನ್ನು ಬಿಟ್ಟು, ಆ ದನಗಳಿಗೆ ತಮ್ಮ ಹೆಸರಿನ ‘ದೇ’ ಅಕ್ಷರದ ಮುದ್ರೆ ಕಾಯಿಸಿ ಒತ್ತಿಸಿದರು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಶ್ರೀರಂಗಪಟ್ಟಣ ಬಿದ್ದ ಮೇಲೆ, 1813ರಲ್ಲಿ, ಮದರಾಸಿನ ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬವನ ಕೈಗೆ ಈ ದನಗಳು ಹೋದವು. ಇಲಾಖೆಯ ಮುಖ್ಯ ಕಚೇರಿ ನಮ್ಮ ಹುಣಸೂರಿನಲ್ಲಿತ್ತು. ಫಿರಂಗಿ ಎಳೆಯುವ ಎತ್ತುಗಳು, ಅವಕ್ಕೆ ಬೇಕಾದ ಗಾಡಿ, ಚರ್ಮದ ಪಟ್ಟಿ, ಕಂಬಳಿ, ಎಲ್ಲವೂ ಈ ಊರಿನಲ್ಲಿ ತಯಾರಾಗುತ್ತಿದ್ದವು. ಒಡೆಯರಿಗಾಗಲಿ, ಸುಲ್ತಾನರಿಗಾಗಲಿ, ಕಂಪನಿಗಾಗಲಿ, ಎತ್ತು ಯಾರದ್ದೆಂದು ಹೇಳಲು ಎತ್ತನ್ನು ಕೇಳಬೇಕಾಗಿರಲಿಲ್ಲ. ಕಾದ ಕಬ್ಬಿಣ ಒತ್ತುವಾಗ ರೋಮ ಸುಟ್ಟ ವಾಸನೆ ಹೇಗಿರುತ್ತದೆ ಎಂದು ಗೊತ್ತಿರುವವರು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಬೆದರಿದ ಕರುವಿಗೆ, ಕುಂಟುವ ಎತ್ತಿಗೆ ಬರೆ ಹಾಕಿಸಿದ್ದನ್ನು ನಾನೂ ಕೊಟ್ಟಿಗೆಯ ಗೂಟಕ್ಕೆ ಆತುಕೊಂಡು ಕಣ್ಣು ಮುಚ್ಚಿ, ಕಿವಿ ಮುಚ್ಚಲಾರದೆ ನೋಡಿದ್ದೇನೆ.

ಇಷ್ಟು ಸುತ್ತಿದ್ದಕ್ಕೆ ಕಾರಣ ಹೇಳಿಬಿಡುತ್ತೇನೆ. ‘ದೇ’ ಮುದ್ರೆ, ಹಗ್ಗದ ಗೆರೆ, ಹಳದಿ ಓಲೆ, ಆನೆಯ ಚಿಪ್, ಇವೆಲ್ಲದರಲ್ಲೂ ಹೊರುವ ಜೀವ ಒಂದು, ಓದುವ ಕಣ್ಣು ಇನ್ನೊಂದು. ಮೈಮೇಲೆ ಇರುವ ಅಕ್ಷರ ಒಡೆಯನದು, ಅವನ ಲೆಕ್ಕಕ್ಕಾಗಿ ಇರುವಂಥದ್ದು. ದನಕ್ಕೂ ಆನೆಗೂ ಬೇರೆ ದಾರಿ ಇಲ್ಲ, ನಾವು ಅವನ್ನು ಸಾಕುತ್ತೇವೆ, ಸಾಕಿದ ಮೇಲೆ ಲೆಕ್ಕ ಇಡುತ್ತೇವೆ. ಮನುಷ್ಯನನ್ನು ಹಾಗೆ ಲೆಕ್ಕಕ್ಕೆ ಹಿಡಿದ ಕಾಲವೂ ನಮ್ಮಲ್ಲಿ ಇತ್ತು. ಮುಂಗಡದ ದುಡ್ಡಿಗೆ ಮೂರು ತಲೆಮಾರು ಒಬ್ಬ ಯಜಮಾನನ ಕೊಟ್ಟಿಗೆಯಲ್ಲೇ ಮಲಗಿದ ಜೀತದಾಳುಗಳನ್ನು ನಮ್ಮ ತಂದೆಯ ತಲೆಮಾರು ಕಣ್ಣಾರೆ ಕಂಡಿದೆ. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1976ರ ಕಾಯ್ದೆಯಿಂದ ಜೀತಪದ್ಧತಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಒಬ್ಬರ ಮೈ ಇನ್ನೊಬ್ಬರ ಲೆಕ್ಕದಲ್ಲಿ ಇರಕೂಡದು ಎಂದು ತಿಳಿಯಲು ನಾವು ಅಷ್ಟು ದೂರ ನಡೆದು ಬಂದಿದ್ದೇವೆ. ನನ್ನ ಅಂಗೈಯೊಳಗೆ ಯಾವುದೋ ಬ್ಯಾಂಕಿನ, ಯಾವುದೋ ಕಂಪನಿಯ ಸಂಖ್ಯೆ ಇಡಿಸಿಕೊಳ್ಳಲು ನನಗೆ ಮನಸ್ಸು ಒಪ್ಪದಿರುವುದು ಅದಕ್ಕೆ.

ಯಜಮಾನರು ಬಿಡುವ ಪೈಕಿಯಲ್ಲ. ‘ನಿಮ್ಮಜ್ಜಿ ಕೈ ತುಂಬಾ ಹಚ್ಚೆ ಇರ್ಲಿಲ್ವಾ? ಅದೂ ತೊಗಲೊಳಗೇ ತಾನೆ?’ ಎಂದರು. ಸರಿಯಾದ ಪ್ರಶ್ನೆ. ನಮ್ಮಜ್ಜಿಯ ಮುಂಗೈ ನನಗೆ ಮೊದಲ ಚಿತ್ರಪುಸ್ತಕ. ಮಣಿಕಟ್ಟಿನ ಮೇಲೆ ತುಳಸಿಕಟ್ಟೆ, ಅದರ ಮೇಲೆ ತೊಟ್ಟಿಲು, ಮೊಣಕೈ ಹತ್ತಿರ ಕೊಂಡಿ ಎತ್ತಿದ ಚೇಳು, ಒಳಮಗ್ಗುಲಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಅವರ ತಮ್ಮನ ಹೆಸರು. ಸುಕ್ಕುಗಟ್ಟಿದ ತೊಗಲಿನಲ್ಲಿ ಹಸಿರು ಬಣ್ಣ ಮಾಸಿ, ತೊಟ್ಟಿಲು ಒಂದು ಕಡೆಗೆ ವಾಲಿಕೊಂಡಿತ್ತು. ನಾನು ಚರ್ಮ ಎಳೆದು ನೇರ ಮಾಡಿ ನೋಡುತ್ತಿದ್ದೆ, ಅಜ್ಜಿ ಬೈಯುತ್ತಿರಲಿಲ್ಲ. ಕೊರಮರ ಹೆಂಗಸು ಸೊಪ್ಪಿನ ರಸ, ದೀಪದ ಕಾಡಿಗೆ ಕಲಸಿಕೊಂಡು ಜಗಲಿಯಲ್ಲಿ ಕೂತು, ಹಾಡು ಹೇಳಿ ನೋವು ಮರೆಸುತ್ತ ಚುಚ್ಚಿದ್ದಂತೆ. ಕೂಲಿಗೆ ಒಂದು ಮೊರ ರಾಗಿ. ‘ಸತ್ತಾಗ ಓಲೆ ಬಿಚ್ಕತಾರೆ, ತಾಳಿ ಬಿಚ್ಕತಾರೆ, ಹಚ್ಚೆ ಮಾತ್ರ ಯಾರೂ ಬಿಚ್ಚಕಾಗಲ್ಲ, ಅದು ನನ್ಜೊತೇಲೇ ಬತ್ತದೆ’ ಎನ್ನುತ್ತಿದ್ದರು ಅಜ್ಜಿ. ಯಜಮಾನರಿಗೆ ನಾನು ಹೇಳಿದ್ದು ಇಷ್ಟೆ: ಆ ತಮ್ಮನ ಹೆಸರನ್ನು ಬರೆಸಬೇಕೆಂದು ಅಜ್ಜಿಗೆ ಯಾರೂ ಸುತ್ತೋಲೆ ಕಳಿಸಿರಲಿಲ್ಲ. ಅವರ ಮೈಮೇಲಿನ ಅಕ್ಷರ ಅವರ ಪ್ರೀತಿಯ ಲೆಕ್ಕಕ್ಕೆ ಸೇರಿದ್ದು. ಅದನ್ನು ಓದಲು ಯಂತ್ರ ಬೇಡ, ಮೊಮ್ಮಗನ ಬೆರಳು ಸಾಕು. ಅಜ್ಜಿಗೆ ಬೇಡವೆನಿಸಿದಾಗ ಸೆರಗು ಹೊದ್ದುಕೊಂಡರೆ ಯಾರಿಗೂ ಕಾಣುತ್ತಿರಲಿಲ್ಲ.

ಹೆಬ್ಬೆಟ್ಟಿನ ವಿಚಾರಕ್ಕೆ ಬರುತ್ತೇನೆ ಎಂದಿದ್ದೆ. ನಮ್ಮ ಸೀಮೆಯ ಕೈ ಹೊಗೆಸೊಪ್ಪಿನ ಕೈ. ಆಷಾಢ ಶ್ರಾವಣದಲ್ಲಿ ಹಸಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಒಣಗಿಸುವ ಬ್ಯಾರನ್ನಿಗೆ ಏರಿಸುವ ಹೆಂಗಸರ ಬೆರಳುಗಳನ್ನು ಹತ್ತಿರದಿಂದ ನೋಡಿ: ಎಲೆಯ ಅಂಟು ಪದರ ಪದರವಾಗಿ ಕೂತು ಡಾಂಬರಿನ ಬಣ್ಣಕ್ಕೆ ತಿರುಗಿರುತ್ತದೆ, ಉಗುರಿನ ಸಂದಿಯಲ್ಲಿ ಕಪ್ಪು, ಹುಣಸೆಹಣ್ಣು ಹಾಕಿ ತಿಕ್ಕಿದರೂ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ, ಮುದ್ದೆ ಮುರಿದರೆ ಮುದ್ದೆಗೂ ಕಹಿ. ವರ್ಷಾನುಗಟ್ಟಲೆ ಹೀಗೆ ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳೇ ಸವೆದುಹೋಗುತ್ತವೆ. ಆ ಕೈಯನ್ನು ತಂದು ರೇಷನ್ ಅಂಗಡಿಯ ಗಾಜಿನ ಮೇಲೆ ಒತ್ತಿದರೆ ಯಂತ್ರ ಕೆಂಪು ದೀಪ ತೋರಿಸುತ್ತದೆ. ‘ತಂಬ್ ಬತ್ತಿಲ್ಲ ಕಣಮ್ಮ, ಇನ್ನೊಂದ್ ಬೆಟ್ಟು ಮಡಗು.’ ತೋರುಬೆರಳು, ನಡುಬೆರಳು, ಎಡಗೈ, ಸೆರಗಿಗೆ ಒರೆಸಿಕೊಂಡು ಮತ್ತೆ ಬಲಗೈ. ‘ಸರ್ವರ್ ಇಲ್ಲ, ನಾಳೆ ಬಾ.’ ನಾಳೆ ಬಂದರೆ ಒಂದು ದಿನದ ಕೂಲಿ ಹೋಯಿತು. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಸಿಗ್ನಲ್ ಸಿಗುವ ಮರದ ಹತ್ತಿರಕ್ಕೇ ಯಂತ್ರ ತೆಗೆದುಕೊಂಡು ಹೋಗಬೇಕು. ಚಿಪ್ ಬೇಕೆನ್ನುವವರ ಬಲವಾದ ವಾದ ಇಲ್ಲೇ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ: ಬೆರಳು ಸವೆಯಬಹುದು, ಗಾಜಿನ ಕಾಳು ಸವೆಯುವುದಿಲ್ಲ, ಆ ತಾಯಿ ಕೈ ಆಡಿಸಿ ಅಕ್ಕಿ ತೆಗೆದುಕೊಂಡು ಹೋಗಬಹುದಲ್ಲ, ಎನ್ನುತ್ತಾರೆ. ಆದರೆ ಸರ್ವರ್ ಇಲ್ಲದಿದ್ದರೆ ಚಿಪ್ಪಿಗೂ ಅಕ್ಕಿ ಇಲ್ಲ. ಆಕೆಯ ಹೆಸರು, ಮುಖ, ಮನೆ, ಮಕ್ಕಳ ಹೆಸರು ಎಲ್ಲವೂ ಅಂಗಡಿಯವನಿಗೆ ಗೊತ್ತು. ಗೊತ್ತಿದ್ದೂ ಕೊಡಲಾಗದಂತೆ ಕಟ್ಟಿದ ನಿಯಮವನ್ನು ರಿಪೇರಿ ಮಾಡುವುದು ಬಿಟ್ಟು ಆಕೆಯ ಕೈಯನ್ನು ರಿಪೇರಿ ಮಾಡುವುದು ಯಾವ ನ್ಯಾಯ?

ಇನ್ನು ದುಡ್ಡು ಕಟ್ಟುವ ಮಾತು. ಕೈಯಲ್ಲಿ ದುಡ್ಡು ಕಟ್ಟುವ ವಿದ್ಯೆ ನೋಡಬೇಕಾದರೆ ಸಂಕ್ರಾಂತಿಯ ಹೊತ್ತಿಗೆ ಕೆ.ಆರ್. ನಗರದ ಕಡೆಯ ಚುಂಚನಕಟ್ಟೆ ದನದ ಜಾತ್ರೆಗೆ ಹೋಗಬೇಕು. ಕಾವೇರಿ ದಂಡೆಯಲ್ಲಿ ಹಳ್ಳಿಕಾರ್ ಜೋಡಿಗಳು ಕೊಂಬಿಗೆ ಬಣ್ಣ ಬಳಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಕೊಳ್ಳುವವನೂ ದಲ್ಲಾಳಿಯೂ ಕೈಗೆ ಕೈ ಸೇರಿಸಿ, ಮೇಲೊಂದು ಟವಲ್ ಮುಚ್ಚಿ, ಬಾಯಿಯಲ್ಲಿ ಮಳೆ ಬೆಳೆ ಮಾತಾಡುತ್ತ, ಟವಲಿನ ಕೆಳಗೆ ಬೆರಳು ಹಿಡಿದು ರೇಟು ಹೇಳುತ್ತಾರೆ. ನಾನು ಹುಡುಗನಾಗಿದ್ದಾಗ ನಮ್ಮ ತಂದೆಯ ಪರಿಚಯದ ದಲ್ಲಾಳಿಯೊಬ್ಬರು ‘ಬಾ ಮರಿ, ಕಲ್ತ್ಕೊ’ ಎಂದು ನನ್ನ ಕೈಯನ್ನೂ ಟವಲಿನೊಳಗೆ ಎಳೆದುಕೊಂಡಿದ್ದರು. ಬೆವರಿದ, ಒರಟಾದ, ಬಿಸಿ ಬಿಸಿ ಅಂಗೈ. ನನ್ನ ತೋರುಬೆರಳನ್ನು ಒಮ್ಮೆ ಹಿಸುಕಿ, ಎರಡು ಬೆರಳು ಸೇರಿಸಿ ಹಿಡಿದು, ಬೆರಳಿನ ಅರ್ಧಕ್ಕೆ ಉಗುರಿನಿಂದ ಗೀರಿ, ‘ಎಷ್ಟಾಯ್ತು ಹೇಳು’ ಎಂದರು. ಸುತ್ತ ಐವತ್ತು ಜನ ನಿಂತಿದ್ದರು, ಒಬ್ಬರಿಗೂ ಲೆಕ್ಕ ತಿಳಿಯಲಿಲ್ಲ. ಮಗಳ ಮದುವೆಗೆಂದು ಜೋಡಿ ಮಾರುವ ರೈತ ತನ್ನ ಅವಸರವನ್ನು ಜಾತ್ರೆಗೆಲ್ಲ ಸಾರಿಕೊಳ್ಳಬೇಕಾಗಿಲ್ಲ. ನಾನು ಎಷ್ಟಕ್ಕೆ ಕೊಟ್ಟೆ, ಯಾರಿಗೆ ಕೊಟ್ಟೆ ಎಂಬುದು ನನ್ನ ಮತ್ತು ಅವನ ನಡುವಿನ ಸಂಗತಿ; ಈ ಮರ್ಯಾದೆಯನ್ನು ಓದುಬರಹ ಇಲ್ಲದ ದಲ್ಲಾಳಿಗಳು ಒಂದು ಟವಲಿನಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಟವಲಿನ ಜಾಗಕ್ಕೆ ಈಗ ಫೋನು ಬಂದಿದೆ. 2016ರಲ್ಲಿ ಯುಪಿಐ ಶುರುವಾದ ಮೇಲೆ ಹುಣಸೂರು ಸಂತೆಯಲ್ಲಿ ಸೊಪ್ಪಿನ ಗುಡ್ಡೆಯ ಮೇಲೂ ಕ್ಯೂಆರ್ ಚೀಟಿ. ಎಳನೀರಿನವನ ಗಾಡಿಯಲ್ಲಿ ಪೆಟ್ಟಿಗೆಯೊಂದು ‘ಐವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ಅನುಕೂಲ ದೊಡ್ಡದು, ನಾನೂ ದಿನವೂ ಬಳಸುತ್ತೇನೆ, ಚಿಲ್ಲರೆಯ ಜಗಳ ತಪ್ಪಿದೆ. ಆದರೆ 2025ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಯುಪಿಐನಲ್ಲಿ ಬಂದ ಮೊತ್ತ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೆಂಗಳೂರಿನ ಬೇಕರಿಯವರು, ಕಾಂಡಿಮೆಂಟ್ಸ್‌ನವರು, ಹಾಲು ತರಕಾರಿ ಮಾರುವವರು ಗಾಬರಿಯಾಗಿ, ರಾತ್ರೋರಾತ್ರಿ ಕ್ಯೂಆರ್ ಚೀಟಿ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ಹಾಕಿದರು. ಬಂದ್ ಮಾಡುತ್ತೇವೆ ಎಂದರು. ಕೊನೆಗೆ ಮುಖ್ಯಮಂತ್ರಿಗಳೇ ಹಳೆಯ ಬಾಕಿ ಕೇಳುವುದಿಲ್ಲ ಎಂದು ಹೇಳಿದ ಮೇಲೆ ಗದ್ದಲ ಇಳಿಯಿತು. ತೆರಿಗೆ ಕಟ್ಟುವುದು ನ್ಯಾಯ, ಅದರ ತಕರಾರು ನನಗಿಲ್ಲ. ಆದರೆ ಇಲಾಖೆಯನ್ನು ಮಾತುಕತೆಗೆ ಕರೆತಂದದ್ದು ಆ ಚೀಟಿ ಕೀಳುವ ಬೆರಳುಗಳು. ನನಗೆ ಒಪ್ಪಿಗೆಯಿಲ್ಲ ಎಂದು ಹೇಳಲು ಬಡವನಿಗೆ ಇರುವ ಭಾಷೆ ಅದು: ಕಾರ್ಡನ್ನು ಮನೆಯಲ್ಲಿ ಬಿಟ್ಟು ಹೋಗುವುದು, ಫೋನು ಆಫ್ ಮಾಡುವುದು, ಚೀಟಿ ಕೀಳುವುದು. ತೊಗಲಿನೊಳಗೆ ಹೋದದ್ದನ್ನು ಕೀಳಲು ಡಾಕ್ಟರು ಬೇಕು, ಬ್ಲೇಡು ಬೇಕು, ಹೊಲಿಗೆ ಬೇಕು.

‘ಬಲವಂತ ಯಾರು ಮಾಡ್ತಾರೆ, ಬೇಕಾದೋರು ಹಾಕುಸ್ಕತಾರೆ’ ಎಂದರು ಯಜಮಾನರು. ಹೊಗೆಸೊಪ್ಪಿನವರು ಈ ಮಾತು ಹೇಳಬಾರದು ಎಂದೆ. ತಂಬಾಕು ಮಂಡಳಿಯ ನೋಂದಣಿ ಇಲ್ಲದೆ, ಬ್ಯಾರನ್ನಿಗೆ ಲೈಸೆನ್ಸ್ ಇಲ್ಲದೆ ಕಂಪಲಾಪುರದ ಮಾರುಕಟ್ಟೆಗೋ ಕಟ್ಟೆಮಳಲವಾಡಿಯ ಮಾರುಕಟ್ಟೆಗೋ ಬೇಲ್ ತೆಗೆದುಕೊಂಡು ಹೋಗಿ ನೋಡಲಿ; ಬೇಲಿನ ಮೇಲೂ ಬಾರ್‌ಕೋಡ್ ಚೀಟಿ ಇರಬೇಕು, ಅದರ ಹಿಂದೆ ಇವರ ನಂಬರು ಇರಬೇಕು. ಇದೆಲ್ಲ 1975ರ ಕಾಯ್ದೆಯಿಂದ ಬಂದದ್ದು, ಮಾರಾಟದಲ್ಲಿ ಒಂದು ಶಿಸ್ತೂ ತಂದಿದೆ. ಆದರೆ ದಾರಿ ಒಂದೇ ಇದ್ದಾಗ ‘ಬೇಕಾದವರು ಬನ್ನಿ’ ಎಂಬ ಮಾತಿಗೆ ಏನು ಅರ್ಥ ಉಳಿಯಿತು?

ಆಧಾರಿನ ಹಾದಿಯನ್ನೂ ನಾವು ಹತ್ತಿರದಿಂದ ಕಂಡಿದ್ದೇವೆ. ಕರ್ನಾಟಕದಲ್ಲಿ ಅದು 2010ರಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಆಗ ಎಲ್ಲರೂ ಹೇಳಿದ್ದು ಇದು ಐಚ್ಛಿಕ ಎಂದು. ಆಮೇಲೆ ಒಂದೊಂದಾಗಿ ಬಾಗಿಲುಗಳು ಅದನ್ನೇ ಕೇಳತೊಡಗಿದವು. ಗ್ಯಾಸು, ರೇಷನ್ನು, ವಿದ್ಯಾರ್ಥಿವೇತನ, ಉದ್ಯೋಗ ಖಾತ್ರಿಯ ಕೂಲಿ, ಬ್ಯಾಂಕು, ಸಿಮ್ಮು. 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಎಂಬತ್ತಾರರ ವಯಸ್ಸಿನಲ್ಲಿ, ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಧಾರ್ ಇಲ್ಲವೆಂದು ಯಾರಿಗೂ ತೊಂದರೆ ಆಗಬಾರದು ಎಂದು 2013ರಲ್ಲಿ ಮಧ್ಯಂತರ ಆದೇಶ ಬಂತು. ಹಳ್ಳಿಯ ಕೌಂಟರಿನವರೆಗೆ ಅದು ನಡೆದು ಬರಲಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. 2018ರ ಸೆಪ್ಟೆಂಬರಿನಲ್ಲಿ ಬ್ಯಾಂಕಿಗೂ ಮೊಬೈಲಿಗೂ ಆಧಾರ್ ಕಡ್ಡಾಯವಲ್ಲ ಎಂದಾಯಿತು, ಸರ್ಕಾರದ ಸವಲತ್ತಿಗೆ ಉಳಿಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಖಾಸಗಿತನದ ವ್ಯಾಜ್ಯ ಎಲ್ಲೇ ನಡೆದರೂ ಈ ದೇಶದಲ್ಲಿ ಇವರ ಹೆಸರು ಹೇಳದೆ ವಾದ ಶುರುವಾಗುವುದಿಲ್ಲ. ಅಜ್ಜನ ವಯಸ್ಸಿನ ಒಬ್ಬರು ನಮ್ಮೆಲ್ಲರ ಪರವಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಗುರುತೇ ಬೇಡ ಎಂದು ನಾನು ಹೇಳುತ್ತಿಲ್ಲ. ಗುರುತಿಲ್ಲದವರ ಕಷ್ಟ ನಮ್ಮ ಸೀಮೆಯಲ್ಲಿ ಕಣ್ಣೆದುರಿಗೇ ಇದೆ. ಬೈಲಕುಪ್ಪೆಯ ಟಿಬೆಟನ್ನರು 1960ರ ದಶಕದ ಆರಂಭದಿಂದ ಇಲ್ಲಿ ಜೋಳ ಬೆಳೆದುಕೊಂಡು ಬಾಳುತ್ತಿದ್ದಾರೆ, ಇಲ್ಲೇ ಹುಟ್ಟಿದವರೂ ಮೈಸೂರು ಕನ್ನಡ ಮಾತಾಡುವವರೂ ಪೊಲೀಸರ ನೋಂದಣಿ ಪುಸ್ತಕ ನವೀಕರಿಸಿಕೊಳ್ಳುತ್ತಿರಬೇಕು. ನಾಗರಹೊಳೆಯ ಜೇನುಕುರುಬರಿಗೆ ಕಾಡಿನ ಪ್ರತಿ ಹಳ್ಳ, ಪ್ರತಿ ಜೇನುಮರ ಗೊತ್ತು. ತಮ್ಮ ಹಿರಿಯರ ಸಮಾಧಿ ಇದೇ ಎಂದು ಕೈ ತೋರಿಸಿದರೂ, 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗೆ ಕಾಗದ ಎಲ್ಲಿ ಎಂದು ಕೇಳುತ್ತಾರೆ. ಇವರಿಗೆಲ್ಲ ಬೇಕಾಗಿರುವುದು ಇವರ ಕೈಯಲ್ಲಿರುವ, ಇವರೇ ತೋರಿಸುವ, ಇವರೇ ಮಡಚಿ ಪೆಟ್ಟಿಗೆಯಲ್ಲಿಡುವ ಹಕ್ಕಿನ ಪತ್ರ.

ಈಗ ವಿಸ್ಕಾನ್ಸಿನ್ನಿಗೆ ಹಿಂತಿರುಗೋಣ. ತಿಂಡಿ ಯಂತ್ರದ ಕಂಪನಿ ಚಿಪ್ ಹಬ್ಬ ಮಾಡಿದ್ದು 2017ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮೊದಲೇ, 2006ರಲ್ಲಿ, ಆ ರಾಜ್ಯ ಯಾರನ್ನೂ ಚಿಪ್ ಹಾಕಿಸಿಕೊಳ್ಳುವಂತೆ ಬಲವಂತ ಮಾಡಕೂಡದು ಎಂದು ಕಾನೂನು ಮಾಡಿಟ್ಟಿತ್ತು. ಮರುವರ್ಷ ಕ್ಯಾಲಿಫೋರ್ನಿಯಾ, ನಾರ್ತ್ ಡಕೋಟಾ ಅದೇ ದಾರಿ ಹಿಡಿದವು. ಮಳೆಗೆ ಮೊದಲು ಸೂರು ಹೊದಿಸುವ ಬುದ್ಧಿ ಅದು. ನಮ್ಮ ವಿಧಾನಸಭೆಯೂ ಈ ಕೆಲಸ ಮಾಡಬೇಕು, ಈಗಲೇ ಮಾಡಬೇಕು, ಇನ್ನೂ ಯಾವ ಕಂಪನಿಯೂ ಸೂಜಿ ಹಿಡಿದು ಬಂದಿಲ್ಲದಾಗ. ಉದ್ಯೋಗ ಕೊಡುವವನಾಗಲಿ, ಬ್ಯಾಂಕಾಗಲಿ, ಸರ್ಕಾರವಾಗಲಿ ಕೂಲಿಗೆ, ಪಿಂಚಣಿಗೆ, ಅಕ್ಕಿಗೆ ಚಿಪ್ಪನ್ನು ಷರತ್ತು ಮಾಡಕೂಡದು. ಹಾಕಿಸಿಕೊಳ್ಳದವನಿಗೆ ಅದೇ ಕೆಲಸ, ಅದೇ ಬೆಲೆ, ಅದೇ ಸಾಲು ಇರಬೇಕು. ಮಕ್ಕಳಿಗೂ ಬುದ್ಧಿಮಾಂದ್ಯರಿಗೂ ಇನ್ನೊಬ್ಬರ ಒಪ್ಪಿಗೆಯ ಮೇಲೆ ಹಾಕಕೂಡದು. ಇಷ್ಟಪಟ್ಟು ಹಾಕಿಸಿಕೊಂಡವನು ಬೇಡವೆಂದ ದಿನ ಹಾಕಿಸಿದವರ ಖರ್ಚಿನಲ್ಲೇ ತೆಗೆಸಬೇಕು. ಇಷ್ಟನ್ನು ಬರೆಯಲು ಒಂದು ಪುಟ ಹಿಡಿಯುವುದಿಲ್ಲ. ಯಜಮಾನರು ಎಲೆಯ ತೊಟ್ಟು ಮುರಿದು ಎಸೆದು, ‘ಬರ್ದು ಕೊಡಿ, ಮುಂದಿನ್ ಗ್ರಾಮಸಭೇಲಿ ಓದುಸ್ತೀನಿ, ಸೈನೂ ಹಾಕುಸ್ತೀನಿ’ ಎಂದರು. ಬರೆದು ಕೊಟ್ಟಿದ್ದೇನೆ. ಹೆಬ್ಬೆಟ್ಟು ಒತ್ತುವವರಿಗೆಂದು ಕೆಳಗೆ ಜಾಸ್ತಿ ಜಾಗ ಬಿಟ್ಟಿದ್ದೇನೆ.